ಚೀಲ ಬಿಡುವುದನ್ನು ಕಲಿತ ಆಗಸ್ಟ್

ಮೀನಿನ ಹೊಟ್ಟೆ ತೆಗೆಯುತ್ತಿದ್ದೆ. ನಮ್ಮ ಬೂತಾಯಿಯಷ್ಟೇ ಉದ್ದದ, ರುಚಿಯಲ್ಲಿ ಅದಕ್ಕಿಂತ ಸ್ವಲ್ಪ ಸಪ್ಪೆಯಾದ ಇಲ್ಲಿಯ ಸಣ್ಣ ಮೀನು. ಅಪರೂಪಕ್ಕೆ ಇಡಿಯಾಗಿ ಸಿಕ್ಕಿತ್ತು. ಇಲ್ಲವಾದರೆ ಈ ಸ್ವೀಡನ್ ದೇಶದವರು ಅದಕ್ಕೆ ತಲೆ ಬಾಲ ಇತ್ತೆನ್ನುವುದೇ ಗೊತ್ತಾಗದ ಹಾಗೆ ಮಾಡಿ ಮಾರುತ್ತಾರೆ. ಅರ್ಧ ಮುಗಿದಿತ್ತು, ಫೋನ್ ಬಂತು. ಎರಡೂ ಕೈ ಮೀನಿನದ್ದು. ಮೊಣಕೈಯಿಂದ ಒತ್ತಿದೆ.

ರೀನಾ. ನಮ್ಮ ಒಬ್ಬಳೇ ಮಗಳು. ಆಗ ಫ್ರಾನ್ಸಿನಲ್ಲಿ ಒಂದು ಸೈಕಲ್ ತಂಡದ ಜೊತೆ ಇದ್ದಳು.

"ಅಮ್ಮ, ಬುಧವಾರ ನಮ್ಮ ತಂಡ ನಿಮ್ಮ ಊರಿಗೇ, ಶೋವ್ಡೆಗೇ ಬರ್ತಿದೆ. ನಾಲ್ಕು ದಿನದ ರೇಸ್. ಲಾರಿಯಲ್ಲಿರೋ ರೈಸ್ ಕುಕ್ಕರ್ ಕೆಟ್ಟಿದೆ, ಹೋಟೆಲಿನವರು ಅಡುಗೆಮನೆಗೆ ಬಿಡಲ್ಲ ಅಂತಾರೆ. ನಿನ್ನ ಒಲೆ ಬೇಕು."

ಒಲೆ ಏನು, ಮನೆಯೇ ನಿಮ್ಮದು ಅಂದೆ. ಈ ರೇಸ್ ಮುಗಿದ ಮೇಲೆ ತನ್ನ ವಿಷಯ ಹೇಳುತ್ತಾರೆ ಅಂದಳು. ಅವಳನ್ನು ತೆಗೆದುಕೊಂಡದ್ದು ಆರು ತಿಂಗಳ ಪರೀಕ್ಷೆಗೆ. ಮುಂದೆ ಇಟ್ಟುಕೊಳ್ಳುವುದೋ ಕಳಿಸುವುದೋ, ತಂಡದ ಡೈರೆಕ್ಟರ್ ಆಗ ತೀರ್ಮಾನ ಮಾಡುವುದಂತೆ.

ಇದಾಗಿ ಮೂರು ವರ್ಷ. ಕಳೆದ ಭಾನುವಾರ ಇಗರ್ಜಿಯಲ್ಲಿ ಪಕ್ಕದಲ್ಲಿ ಕೂತ ಪೋಲೆಂಡಿನ ಅಜ್ಜಿ ಮೊಣಕಾಲಿಗೆ ಕರ್ಪೂರದ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ, ಪಾದ್ರಿಗಳ ಪ್ರಸಂಗದಲ್ಲಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಆ ಆಗಸ್ಟಿನ ನಾಲ್ಕು ದಿನ ಪೂರಾ ಕಣ್ಣ ಮುಂದೆ ಬಂತು. ಮನೆಮಾತು ಕೊಂಕಣಿಯಾದರೂ ನಾನು ಓದಿದ್ದು ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ. ಬರೆಯುವುದಿದ್ದರೆ ಕನ್ನಡದಲ್ಲೇ.

ಇದ್ದದ್ದು ಇದ್ದ ಹಾಗೆ ಹೇಳಬೇಕು. ರೀನಾಳ ಈ ಕೆಲಸ ನನಗೆ ಆಗ ನಾಚಿಕೆಯ ವಿಷಯ. ಗೋಥೆನ್‌ಬರ್ಗಿನಲ್ಲಿ ಫಿಸಿಯೋಥೆರಪಿ ಓದಿದವಳು, ಇಲ್ಲಿಯ ಆರೋಗ್ಯ ಕೇಂದ್ರದಲ್ಲಿ ಪರ್ಮನೆಂಟ್ ಕೆಲಸ ಸಿಕ್ಕಿದವಳು, ಅದನ್ನು ಬಿಟ್ಟು ಸೈಕಲ್ ಓಡಿಸುವ ಗಂಡಸರ ಕಾಲು ತಿಕ್ಕಲು ಹೋದಳು. ಅದೂ ಹೆಂಗಸರ ಕಾಲಿನ ಹಾಗೆ ನುಣ್ಣಗೆ ಬೋಳಿಸಿದ ಕಾಲು. ಎಂಜಿನ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಒಂದೇ ಮೆಷಿನ್ನಿನ ಮುಂದೆ ನಿಂತ ನಮ್ಮವರಿಗೆ, ಪರ್ಮನೆಂಟ್ ಕೆಲಸಕ್ಕೆ ಯಾರಾದರೂ ರಾಜೀನಾಮೆ ಕೊಡುತ್ತಾರೆ ಎನ್ನುವುದೇ ಅರ್ಥವಾಗಲಿಲ್ಲ. ಅವರು ಒಂದು ತಿಂಗಳು ಮಗಳ ಜೊತೆ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ನಮ್ಮ ಕಡೆಯವರು ಕೇಳಿದರೆ ನಾನು "ಫ್ರಾನ್ಸಿನಲ್ಲಿ ಆಸ್ಪತ್ರೆಯಲ್ಲಿದ್ದಾಳೆ" ಅನ್ನುತ್ತಿದ್ದೆ. ಹೀಗೆ ಹೇಳಿದ್ದಕ್ಕೆ ಪಾಪನಿವೇದನೆಯನ್ನೂ ಮಾಡಿಕೊಂಡೆ. ಮಾಡಿಕೊಂಡು ಹೊರಗೆ ಬಂದ ಮೇಲೆ ಮತ್ತೆ ಅದನ್ನೇ ಹೇಳಿದೆ.

ಬುಧವಾರ ಮಧ್ಯಾಹ್ನ ಬಾಗಿಲು ತೆರೆದರೆ ರೀನಾಳ ಹಿಂದೆ ಒಬ್ಬ ಎತ್ತರದ ಮುದುಕ, ಭುಜದ ಮೇಲೆ ಹತ್ತು ಕಿಲೋ ಅಕ್ಕಿಯ ಚೀಲ. ಇವೊನ್. ತಂಡದ ಆರೈಕೆಯವರಲ್ಲಿ ಹಿರಿಯ. ಸೈಕಲ್ ಓಟಗಾರರ ಮೈಕೈ ತಿಕ್ಕುವುದು, ಊಟ ಕಟ್ಟುವುದು, ಬಟ್ಟೆ ಒಗೆಯುವುದು ಎಲ್ಲ ಅವನ ಕೈಕೆಳಗೆ. ಮೂರನೆಯ ಮಹಡಿಗೆ ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿ ಬಂದಿದ್ದ. ಹೊಸ್ತಿಲಲ್ಲಿ ಶೂ ಬಿಚ್ಚಿದ. ಗೋಡೆಯ ಮೇಲಿದ್ದ ಮಾತೆ ಮರಿಯಳ ಪಟ ನೋಡಿ ಶಿಲುಬೆಯ ಗುರುತು ಹಾಕಿದ. ಅಷ್ಟಕ್ಕೇ ಅವನು ನನಗೆ ಸರಿಹೋದ.

ಅನ್ನ ಮಾಡುವುದರಲ್ಲಿ ಸರಿಹೋಗಲಿಲ್ಲ. ಅಕ್ಕಿಯನ್ನು ಮುದ್ದೆಯಾಗುವಷ್ಟು ಬೇಯಿಸಿ, ಸಕ್ಕರೆ ಹಾಕಿ, ತಟ್ಟೆಯಲ್ಲಿ ಒತ್ತಿ, ತಣ್ಣಗಾದ ಮೇಲೆ ಬರ್ಫಿಯ ಹಾಗೆ ಕತ್ತರಿಸಿ ಒಂದೊಂದನ್ನೂ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತುತ್ತಾರೆ. ಸೈಕಲ್ ಮೇಲೆ ಕೂತೇ ತಿನ್ನಲಿಕ್ಕೆ. ಒಂದು ಪಾತ್ರೆಗೆ ತೆಂಗಿನತುರಿ, ಬೆಲ್ಲ, ಏಲಕ್ಕಿ ಹಾಕಿ ನಾನು ಬೇರೆಯೇ ಮಾಡಿ ತೋರಿಸಿದೆ. ಇವೊನ್ ನಾಲ್ಕು ತುಂಡು ತಿಂದ. ಆಮೇಲೆ ರೀನಾಳ ಹತ್ತಿರ ಏನೋ ಹೇಳಿದ. ತೆಂಗಿನಕಾಯಿಯ ಜಿಡ್ಡು ಓಟಗಾರರ ಹೊಟ್ಟೆಗೆ ಭಾರ, ಅವರಿಗೆ ಬೇಡ, ಉಳಿದದ್ದನ್ನು ತನಗೆ ಕಟ್ಟಿಕೊಡಿ ಅಂದನಂತೆ.

ಬೇಯುವುದನ್ನು ಕಾಯುತ್ತಾ ಅವನು ತಂಡದ ಕತೆ ಹೇಳಿದ. ರೀನಾ ಅನುವಾದ ಮಾಡಿದಳು. ಮಧ್ಯೆ ಮಧ್ಯೆ ಅವನು ಹೇಳುವ ಮೊದಲೇ ಅವಳೇ ಮುಂದಿನದ್ದು ಹೇಳುತ್ತಿದ್ದಳು, ಅಷ್ಟು ಸಲ ಕೇಳಿದ್ದಳು.

ಐವತ್ತು ವರ್ಷಕ್ಕೂ ಹಿಂದೆ ಫ್ರಾನ್ಸಿನ ಪಶ್ಚಿಮದ ಸಣ್ಣ ಊರಿನಲ್ಲಿ ಸೈಕಲ್ ರಿಪೇರಿ ಅಂಗಡಿಯವನೊಬ್ಬ ಊರಿನ ಐದು ಹುಡುಗರನ್ನು ಬೇಕರಿಯ ವ್ಯಾನಿನಲ್ಲಿ ಕೂರಿಸಿಕೊಂಡು ರೇಸಿಗೆ ಹೋದ. ಅಲ್ಲಿಂದ ಶುರು. ದುಡ್ಡು ಕೊಟ್ಟವರ ಹೆಸರು ಅಂಗಿಯ ಮೇಲೆ. ಮೊದಲು ಆ ಬೇಕರಿ, ಆಮೇಲೆ ಬಿತ್ತನೆ ಬೀಜದವರು, ಆಮೇಲೆ ಕಿಟಕಿ ಬಾಗಿಲು ಮಾಡುವವರು, ಆಮೇಲೆ ಒಂದು ಸಹಕಾರಿ ಬ್ಯಾಂಕು. ಈಗ ದನದ ಹಿಂಡಿ ಮಾರುವವರು. ತಂಡಕ್ಕೆ ಹೆಸರು ಬದಲಾದ ಹಾಗೆ ಬಣ್ಣವೂ ಬದಲಾಯಿತು, ಬಾಗಿಲು ಮುಚ್ಚುವ ಸ್ಥಿತಿ ಎರಡು ಸಲ ಬಂತು. ಒಂದು ವರ್ಷ ಯಾರೂ ದುಡ್ಡು ಕೊಡಲಿಲ್ಲ. ಆಗ ಅಂಗಡಿಯವನ ಹೆಂಡತಿ ಮದಾಂ ಸಿಮೋನ್ ಬಿಳಿ ಬಟ್ಟೆ ತಂದು ಅಂಗಿ ಹೊಲಿದಳು. ಯಾರ ಹೆಸರೂ ಇಲ್ಲದ ಬರೀ ಬಿಳಿ ಅಂಗಿಯಲ್ಲಿ ಆ ಹುಡುಗರು ವರ್ಷವಿಡೀ ಓಡಿದರು. ಓಟಗಾರರು ಮಲಗುತ್ತಿದ್ದದ್ದು ಅವಳ ಮನೆಯ ಅಟ್ಟದಲ್ಲಿ. ಅವರ ಕೆಸರಿನ ಚಡ್ಡಿ ಒಗೆದದ್ದೂ ಅವಳೇ.

"ಗೆದ್ದದ್ದು ಎಷ್ಟು?" ನಮ್ಮವರು ಕೇಳಿದರು. ಕೆಲಸದಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದರು.

ಅವರ ದೇಶದ ಆ ಮೂರು ವಾರದ ದೊಡ್ಡ ರೇಸಿನಲ್ಲಿ ಒಂದೇ ಒಂದು ದಿನ ಗೆದ್ದದ್ದಂತೆ. ಗೆದ್ದವನು ನಾಯಕನಲ್ಲ, ನಾಯಕನಿಗೆ ನೀರು ತಂದುಕೊಡುತ್ತಿದ್ದವನು. ಮಳೆಯಲ್ಲಿ ಮುಂದಿದ್ದವರೆಲ್ಲ ಜಾರಿ ಬಿದ್ದರು, ಇವನು ಹಿಂದೆ ನಿಧಾನ ಬರುತ್ತಿದ್ದವನು ಉಳಿದ. ಇವೊನ್ ಇದನ್ನು ಹೇಳುವಾಗ ನಮ್ಮ ಕಡೆ ಮಗನಿಗೆ ಪಾದ್ರಿ ಪಟ್ಟ ಸಿಕ್ಕಿದ್ದನ್ನು ಹೇಳುವವರ ಮುಖ ಹೇಗಿರುತ್ತದೋ ಹಾಗಿತ್ತು. ನಮ್ಮವರು ನಗಲಿಲ್ಲ. ಕುರ್ಚಿ ಎಳೆದು ಕೂತರು.

ಇನ್ನೊಂದು ಸಂಗತಿ. ಅಂಗಡಿಯವನೇ ಒಮ್ಮೆ, ಸೈಕಲ್ ಪಂಕ್ಚರ್ ಆದ ಓಟಗಾರನಿಗೆ ಅವಸರದಲ್ಲಿ ತಪ್ಪು ಚಕ್ರ ಕೊಟ್ಟು ರೇಸ್ ಕಳೆದನಂತೆ. ಮರುದಿನ ಓಟಗಾರರ ಹಿಂದೆ ಹೋಗುವ ಕಾರಿನಲ್ಲಿ ತನ್ನ ಬದಲು ಬೇರೆಯವರನ್ನು ಕಳಿಸಲು ಹೊರಟ. ಮದಾಂ ಸಿಮೋನ್ ಬಿಡಲಿಲ್ಲ. ಇವತ್ತು ಆ ಸೀಟಿನಲ್ಲಿ ಕೂರದಿದ್ದರೆ ಇನ್ನೆಂದೂ ಕೂರುವುದಿಲ್ಲ, ಹೋಗಿ ಕೂರು ಅಂದಳು. ಅವತ್ತಿನಿಂದ ಅದು ತಂಡದ ಪದ್ಧತಿ. ಈ ದಿನ ಕೆಡಿಸಿದವರು ನಾಳೆ ಅದೇ ಜಾಗದಲ್ಲಿ ನಿಲ್ಲಬೇಕು.

ಗುರುವಾರ ಮೊದಲ ದಿನದ ಓಟ ಚೆನ್ನಾಗಾಯಿತು. ತಂಡದ ನಾಯಕ, ಬಾಸ್ತಿಯಾನ್ ಎನ್ನುವ ಹುಡುಗ, ಎರಡನೆಯವನಾಗಿ ಬಂದ, ಮೊದಲಿನವನಿಗಿಂತ ಎಂಟು ಸೆಕೆಂಡ್ ಹಿಂದೆ. ನಾಲ್ಕೂ ದಿನದ ಸಮಯ ಕೂಡಿಸಿ ಕೊನೆಗೆ ಗೆದ್ದವರು ಯಾರು ಅಂತ ಹೇಳುವುದು. ಆದರೆ ಅದೇ ಸಂಜೆ ಆರೈಕೆಯವರಲ್ಲಿ ಒಬ್ಬನಿಗೆ ಹೆಂಡತಿಯ ಹೆರಿಗೆ ಬೇಗ ಶುರುವಾಗಿದೆ ಅಂತ ಫೋನ್ ಬಂದು ಅವನು ವಿಮಾನ ಹತ್ತಿದ. ಒಂದು ಜನ ಕಡಿಮೆ. ಮರುದಿನ ರಸ್ತೆ ಬದಿಯಲ್ಲಿ ಓಟಗಾರರಿಗೆ ಊಟದ ಚೀಲ ಕೊಡುವ ಜಾಗದಲ್ಲಿ ಇಬ್ಬರು ನಿಲ್ಲಬೇಕು, ಇವೊನ್ ಇನ್ನೊಂದು ಕಡೆ ಹೋಗಬೇಕು. ರೀನಾ ನನ್ನ ಮುಖ ನೋಡಿದಳು.

ನಿಂತು ಚೀಲ ಹಿಡಿಯುವುದು ತಾನೇ, ಅಂದೆ.

ಬಿಲ್ಲಿಂಗನ್ ಗುಡ್ಡ ದಾಟಿದರೆ ಆಚೆ ಬಯಲು. ಗೋಧಿ ಕೊಯ್ದ ಗದ್ದೆ, ಮೈಮೇಲೆ ಬೀಳುವ ಗಾಳಿ. ಶುಕ್ರವಾರ ಅಲ್ಲಿ ರಸ್ತೆ ಬದಿಯಲ್ಲಿ, ಚೂಡಿದಾರದ ಮೇಲೆ ಹಿಂಡಿ ಕಂಪನಿಯ ಹೆಸರಿದ್ದ ಜಾಕೆಟ್ ಹಾಕಿಕೊಂಡು ನಿಂತೆ. ಬಟ್ಟೆಯ ಚೀಲ, ಉದ್ದದ ಹಿಡಿ. ಒಳಗೆ ಎರಡು ನೀರಿನ ಬಾಟಲಿ, ಅನ್ನದ ತುಂಡು, ಬಾಳೆಹಣ್ಣು. ರೀನಾ ಹತ್ತು ನಿಮಿಷ ಹೇಳಿಕೊಟ್ಟಳು. ಕೈ ಚಾಚು, ಹಿಡಿಯನ್ನು ಬೆರಳ ತುದಿಯಲ್ಲಿ ತೂಗಿಸು, ಅವನ ಕೈ ಒಳಗೆ ಬಂತು ಅಂದ ಕೂಡಲೇ ಬಿಡು. ನಾನು ಹೂಂ ಅಂದೆ. ಅವಳು ಐವತ್ತು ಹೆಜ್ಜೆ ಮುಂದೆ ಹೋಗಿ ನಿಂತಳು.

ಬಂದರು. ಟೀವಿಯಲ್ಲಿ ನೋಡುವಾಗ ಆ ವೇಗ ಗೊತ್ತಾಗುವುದಿಲ್ಲ. ಮೊದಲು ಗಾಳಿ ಬರುತ್ತದೆ, ಆಮೇಲೆ ಜನ. ಬಾಸ್ತಿಯಾನ್ ನನ್ನ ಜಾಕೆಟ್ ನೋಡಿ ಬದಿಗೆ ಬಂದು ಕೈ ಚಾಚಿದ. ಚೀಲದ ಹಿಡಿಯೊಳಗೆ ಅವನ ಕೈ ಬಂತು.

ನಾನು ಬಿಡಲಿಲ್ಲ.

ಯಾಕೆ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ನಾನು ಹುಟ್ಟಿದಾಗಿನಿಂದ ಊಟ ಕೊಟ್ಟದ್ದು ಹಾಗೆ. ಬಟ್ಟಲಿರಲಿ, ಬುತ್ತಿಯಿರಲಿ, ತೆಗೆದುಕೊಳ್ಳುವವರು ಗಟ್ಟಿಯಾಗಿ ಹಿಡಿದುಕೊಂಡದ್ದು ನಮ್ಮ ಕೈಗೆ ಗೊತ್ತಾದ ಮೇಲೆ ಬಿಡಬೇಕು. ಮೊದಲೇ ಬಿಟ್ಟರೆ ಅದು ಎಸೆದ ಹಾಗೆ. ಅನ್ನವನ್ನು ಯಾರಾದರೂ ಎಸೆಯುತ್ತಾರೆಯೇ? ಅವನು ಹಿಡಿದನೋ ಇಲ್ಲವೋ ಅಂತ ನನ್ನ ಬೆರಳು ಕಾದವು. ಅಷ್ಟರಲ್ಲಿ ಚೀಲ ಎಳೆಯಿತು, ಸೈಕಲ್ ತಿರುಗಿತು, ಹುಡುಗ ಜಲ್ಲಿಯ ಮೇಲೆ ಬಿದ್ದ. ಬಾಳೆಹಣ್ಣು ಒಂದು ಕಡೆ, ಬಾಟಲಿ ಒಂದು ಕಡೆ. ಹರಿದ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು.

ಎದ್ದ. ದೇವರ ದೊಡ್ಡ ದಯೆ, ಮೂಳೆ ಮುರಿಯಲಿಲ್ಲ. ಹಿಂದಿನಿಂದ ಬಂದವರು ಯಾರೂ ಅವನ ಮೇಲೆ ಹಾಯಲಿಲ್ಲ, ಅದೂ ಒಂದು ದಯೆ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವನು ನನ್ನ ಕಡೆ ನೋಡದೆ ಸೈಕಲ್ ಹತ್ತಿ ಹೋದ. ರೀನಾಳ ಚೀಲಗಳು ಅಷ್ಟರಲ್ಲಿ ತಂಡದ ಉಳಿದವರಿಗೆ ಹೋಗಿಬಿಟ್ಟಿದ್ದವು. ಊಟವಿಲ್ಲದೆ ಎಪ್ಪತ್ತು ಕಿಲೋಮೀಟರ್ ಉಳಿದಿತ್ತು. ಕೊನೆಗೆ ಮೂರು ನಿಮಿಷ ಹಿಂದೆ ಬಂದ. ಎಂಟು ಸೆಕೆಂಡಿನ ಲೆಕ್ಕ ಅಲ್ಲಿಗೆ ಮುಗಿಯಿತು.

ನನಗೆ ಆ ಹುಡುಗನ ಸೋಲಿಗಿಂತ ಹೆಚ್ಚಾಗಿ ನನ್ನ ಮಗಳ ಕೆಲಸದ್ದೇ ಚಿಂತೆ. ಆರು ತಿಂಗಳ ಪರೀಕ್ಷೆಯ ಕೊನೆಯ ವಾರದಲ್ಲಿ, ಅವಳ ಹೆತ್ತ ತಾಯಿಯೇ ತಂಡದ ನಾಯಕನನ್ನು ಕೆಡವಿದ್ದಳು. ನಿಜ ಹೇಳಬೇಕೆಂದರೆ, ಅವಳು ಆ ಕೆಲಸ ಬಿಟ್ಟು ಬರಲಿ ಅಂತ ಎಷ್ಟೋ ರಾತ್ರಿ ಜಪಮಾಲೆ ಹಿಡಿದು ಬೇಡಿಕೊಂಡವಳು ನಾನು. ದೇವರು ಅದನ್ನು ನನ್ನ ಕೈಯಿಂದಲೇ ಮಾಡಿಸಿದನೋ ಏನೋ ಎನ್ನುವ ಹೆದರಿಕೆ ಹುಟ್ಟಿತು.

ಅವತ್ತು ಸಂಜೆ ಹೋಟೆಲಿನ ಊಟದ ಕೋಣೆಯಲ್ಲಿ ಡೈರೆಕ್ಟರ್ ಎಲ್ಲರ ಮುಂದೆ ಕೇಳಿದ, ಆ ಚೀಲ ಹಿಡಿದವರು ಯಾರು ಅಂತ. ಊರಿನ ಸ್ವಯಂಸೇವಕರು ಅಂದುಬಿಡಬಹುದಿತ್ತು, ಅವನು ನನ್ನನ್ನು ಕಂಡವನಲ್ಲ. ರೀನಾ ಎದ್ದು ನಿಂತಳು. ನನ್ನ ಅಮ್ಮ, ನಾನು ಹತ್ತು ನಿಮಿಷ ಮಾತ್ರ ಹೇಳಿಕೊಟ್ಟೆ, ತಪ್ಪು ನನ್ನದು ಅಂದಳು. ಇದನ್ನು ನನಗೆ ಹೇಳಿದ್ದು ಇವೊನ್, ಅವನಿಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ. ಅವಳು ಹೇಳಲಿಲ್ಲ.

ನಾನು ಕ್ಷಮೆ ಕೇಳಲೆಂದು ಇವೊನನೇ ನನ್ನನ್ನು ಹೋಟೆಲಿನ ಮೇಲಿನ ಕೋಣೆಗೆ ಕರೆದುಕೊಂಡು ಹೋದ. ಬಾಗಿಲು ಅರ್ಧ ತೆರೆದಿತ್ತು. ಬಾಸ್ತಿಯಾನ್ ಮಂಚದ ತುದಿಯಲ್ಲಿ ಕೂತಿದ್ದ. ನನ್ನ ಮಗಳು ನೆಲದ ಮೇಲೆ ಮಂಡಿಯೂರಿದ್ದಳು. ಮುಂದೆ ಬಿಸಿನೀರಿನ ಟಬ್ಬು, ಹೆಗಲ ಮೇಲೆ ಟವೆಲ್. ಗಾಯದೊಳಗಿನ ಜಲ್ಲಿಯ ಪುಡಿಯನ್ನು ಒಂದೊಂದಾಗಿ ತೆಗೆದು, ಅವನ ಕಾಲಿನ ಧೂಳು ತೊಳೆದು, ಪಾದವನ್ನು ಟವೆಲಿನಲ್ಲಿ ಹಿಡಿದು ಒರೆಸಿದಳು. ಬೆರಳಿನ ಸಂದಿಯನ್ನೂ ಬಿಡಲಿಲ್ಲ. ಕೋಣೆ ತುಂಬ ಕರ್ಪೂರದೆಣ್ಣೆಯ ವಾಸನೆ.

ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುವುದನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಕಣ್ಣೊರೆಸಿಕೊಂಡೂ ನೋಡಿದ್ದೇನೆ. ಅವರು ತೊಳೆಯುವುದು ಮೊದಲೇ ತೊಳೆದುಕೊಂಡು ಬಂದ ಪಾದ. ಇವಳು ತೊಳೆಯುತ್ತಿದ್ದದ್ದು ಧೂಳಿನದ್ದು, ರಕ್ತದ್ದು. ಇದನ್ನೇ ನಾನು ಆಸ್ಪತ್ರೆ ಅಂತ ಸುಳ್ಳು ಹೇಳಿ ಮುಚ್ಚಿಟ್ಟದ್ದು.

ಸಾರಿ ಅಂದೆ, ಎರಡು ಸಲ. ಬಾಸ್ತಿಯಾನ್ ತಲೆ ಎತ್ತಿ ಏನೋ ಕೇಳಿದ. ರೀನಾ ನಗು ತಡೆದುಕೊಂಡು ಹೇಳಿದಳು: "ಚೀಲದಲ್ಲಿ ಅಷ್ಟು ಒಳ್ಳೇದು ಏನಿತ್ತು, ಬಿಡದೇ ಇರೋದಕ್ಕೆ ಅಂತ ಕೇಳ್ತಿದ್ದಾನೆ ಅಮ್ಮ."

ಕೆಳಗೆ ಡೈರೆಕ್ಟರಿಗೂ ಇವೊನಿಗೂ ಮಾತು ನಡೆಯಿತು. ನಾಳೆಗೆ ಬೇರೆ ಯಾರನ್ನಾದರೂ ಹುಡುಕು ಅಂತ ಡೈರೆಕ್ಟರ್. ಇವೊನ್ ಕೈಕಟ್ಟಿ ನಿಂತು ತಂಡದ ಪದ್ಧತಿ ನೆನಪಿಸಿದ. ಆ ಡೈರೆಕ್ಟರ್ ಹುಡುಗನಾಗಿದ್ದಾಗ ಮದಾಂ ಸಿಮೋನಳ ಅಟ್ಟದಲ್ಲಿ ಮಲಗಿ ಬೆಳೆದವನೇ. ಹಾಗಾದರೆ ಅವರೇ ನಿಲ್ಲಲಿ ಅಂದನಂತೆ.

ಮನೆಗೆ ಬಂದಾಗ ಆಗಸ್ಟಿನ ಸಂಜೆ, ಬೆಳಕು ಇನ್ನೂ ಇತ್ತು. ನಮ್ಮವರು ಬಟ್ಟೆ ಬದಲಿಸದೆ ನೆಲಮಾಳಿಗೆಯಿಂದ ತಮ್ಮ ಹಳೆಯ ಸೈಕಲ್ ತಂದರು. ಕಟ್ಟಡದ ಹಿಂದಿನ ಕಾರ್ ನಿಲ್ಲಿಸುವ ಜಾಗದಲ್ಲಿ ನಾನು ತರಕಾರಿ ಚೀಲ ಹಿಡಿದು ನಿಂತೆ, ಅವರು ಆ ತುದಿಯಿಂದ ತುಳಿಯುತ್ತಾ ಬಂದರು. ಮೊದಲ ಸಲ ನಾನು ಮತ್ತೆ ಬಿಡಲಿಲ್ಲ. ಎರಡನೆಯ ಸಲ ಬೇಗ ಬಿಟ್ಟೆ, ಈರುಳ್ಳಿ ಎಲ್ಲ ಚೆಲ್ಲಿತು.

"ನೋಡು, ನೀನು ನನ್ನನ್ನು ನೋಡ್ಬೇಡ," ಅಂದರು ಏದುಸಿರು ಬಿಡುತ್ತಾ. "ನಾನು ಹಿಡಿದೆನಾ ಇಲ್ಲವಾ ಅನ್ನೋದು ನಿನಗ್ಯಾಕೆ? ಅದು ನನ್ನ ಕೆಲಸ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಹೇಳಿದ ಬುದ್ಧಿಮಾತಿನಲ್ಲಿ ಇದೊಂದು ಉಪಯೋಗಕ್ಕೆ ಬಂತು. ಹನ್ನೊಂದು ಸುತ್ತು ಬಂದರು. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ನೆರೆಯ ಸ್ವೀಡಿಷ್ ದಂಪತಿ ನೋಡುತ್ತಿದ್ದರು. ಹನ್ನೊಂದನೆಯ ಸಲ ಚೀಲ ಸರಿಯಾಗಿ ಹೋದಾಗ ಆ ಯಜಮಾನ ಮೆಲ್ಲಗೆ ಎರಡು ಚಪ್ಪಾಳೆ ತಟ್ಟಿದ.

ಶನಿವಾರ ಇನ್ನೊಂದು ರಸ್ತೆ, ಅದೇ ಗಾಳಿ. ನಮ್ಮ ಊರ ಕಡೆಯ ಹಿಲ್ಡಾ ಬಾಯಿ ಅವತ್ತು ಗೋಥೆನ್‌ಬರ್ಗಿನಿಂದ ನಮ್ಮ ಮನೆಗೆ ಬರುವವರಿದ್ದರು. ನಾನು ಮನೆಯಲ್ಲಿಲ್ಲ ಅಂತ ನಮ್ಮವರ ಕಾರಿನಲ್ಲಿ ರಸ್ತೆ ಬದಿಗೇ ಬಂದರು. ಅಷ್ಟು ದೂರದಲ್ಲಿ ಬಾಟಲಿ ಜೋಡಿಸುತ್ತಿದ್ದ ರೀನಾಳನ್ನು ನೋಡಿ, ನನ್ನ ಜಾಕೆಟ್ ನೋಡಿ, "ಎಂಥ ಇದು ಬಾಯಿ, ರೀನಾ ಆಸ್ಪತ್ರೆಯಲ್ಲಿ ಅಲ್ವಾ?" ಅಂದರು.

"ಅಲ್ಲ ಬಾಯಿ," ಅಂದೆ. "ಸೈಕಲ್ ಓಡಿಸುವವರ ಕಾಲು ತೊಳೆಯುತ್ತಾಳೆ. ಆಸ್ಪತ್ರೆ ಅಂತ ನಾನು ಸುಳ್ಳು ಹೇಳಿದ್ದು."

ಹಿಲ್ಡಾ ಬಾಯಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಗಾಳಿ ಬಂತು.

ಅವತ್ತು ರೀನಾ ನನಗಿಂತ ಮೊದಲಿನ ಜಾಗದಲ್ಲಿ ನಿಂತಿದ್ದಳು, ಬಾಸ್ತಿಯಾನ್ ಅವಳ ಹತ್ತಿರವೇ ತೆಗೆದುಕೊಳ್ಳಲಿ ಅಂತ. ನನ್ನ ಚೀಲ ಹಿಂದಿನವರಿಗೆ. ಬಾಸ್ತಿಯಾನ್ ಅವಳನ್ನು ದಾಟಿದ. ಅವಳ ಚೀಲದ ಕಡೆ ಕೈ ಚಾಚಲೇ ಇಲ್ಲ. ಮೊಣಕಾಲಿಗೆ ಬಿಳಿ ಪಟ್ಟಿ ಕಟ್ಟಿದ್ದ ಆ ಹುಡುಗ ನೇರ ನನ್ನ ಕಡೆ ಬಂದ. ನಾನು ಅವನನ್ನು ನೋಡಲಿಲ್ಲ, ಗದ್ದೆಯ ಆಚೆಯ ಒಂದು ಕೆಂಪು ಕೊಟ್ಟಿಗೆ ನೋಡಿದೆ. ಬೆರಳು ಹಗುರವಾಯಿತು. ತಿರುಗಿ ನೋಡಿದರೆ ಚೀಲ ಅವನ ಹೆಗಲ ಮೇಲಿತ್ತು. ಹೋಗುತ್ತಾ ಹೋಗುತ್ತಾ ಹಿಂದೆ ನೋಡದೆ ಒಂದು ಕೈ ಮೇಲೆತ್ತಿದ.

ಆ ದಿನ ಅವನು ಗೆಲ್ಲಲಿಲ್ಲ. ಏಳನೆಯವನಾಗಿ ಬಂದ. ಭಾನುವಾರ ತಂಡದ ಇನ್ನೊಬ್ಬ ಮೂರನೆಯವನಾದ, ಅಷ್ಟೇ. ಆದರೂ ನನಗೆ ಕಿರೀಟ ಇಟ್ಟ ಹಾಗಿತ್ತು. ಬೇಕರಿಯ ವ್ಯಾನಿನಲ್ಲಿ ಶುರುವಾದ ತಂಡದ ಚೀಲ ಬ್ರಹ್ಮಾವರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ನನ್ನ ಕೈಯಿಂದ ಹೋಗಿದೆ. ಈಗಲೂ ಟೀವಿಯಲ್ಲಿ ಆ ರೇಸುಗಳು ಬಂದರೆ ನಾನು ನೋಡುವುದು ಗೆಲ್ಲುವವರನ್ನಲ್ಲ, ರಸ್ತೆ ಬದಿಯಲ್ಲಿ ಕೈ ಚಾಚಿ ನಿಂತವರನ್ನು.

ಭಾನುವಾರ ಸಂಜೆಯೇ ಲಾರಿ ಹೊರಟಿತು. ಡೈರೆಕ್ಟರ್ ರೀನಾಳಿಗೆ ಏನೂ ಹೇಳಿರಲಿಲ್ಲ. ಸೋಮವಾರ ಬೆಳಗ್ಗೆಯಿಂದ ನಾನು ಫೋನನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನಮ್ಮವರು ಕೆಲಸದ ಮಧ್ಯೆ ಎರಡು ಸಲ ಫೋನ್ ಮಾಡಿ, ಏನಾದರೂ ಗೊತ್ತಾಯಿತಾ ಅಂತ ಕೇಳಿದರು. ಒಂದೂ ಮುಕ್ಕಾಲಿಗೆ ಅವಳ ಕರೆ ಬಂತು. ಹಿಂದೆ ಲಾರಿಯ ಸದ್ದು.

"ಅಮ್ಮ, ಟವೆಲಿನ ಚೀಲ ಅಲ್ಲೇ ಉಳಿದುಬಿಟ್ಟಿದೆ. ನಿನ್ನ ಬಾಗಿಲ ಹಿಂದೆ ನೋಡು."

ಇತ್ತು. ಕಪ್ಪು ಚೀಲ, ಮೂವತ್ತಕ್ಕೂ ಹೆಚ್ಚು ಟವೆಲ್, ಎಲ್ಲ ಎಣ್ಣೆ, ಎಲ್ಲ ಕೆಸರು. ಅದು ಇರಲಿ, ನಿನ್ನ ಕೆಲಸದ ವಿಷಯ ಹೇಳು ಅಂದೆ.

"ಹೇಳಿದ್ರು. ಮುಂದಿನ ಎರಡು ವರ್ಷ ಇಟ್ಕೊಂಡಿದ್ದಾರೆ. ಅಪ್ಪನಿಗೆ ನೀನೇ ಹೇಳು. ಇಲ್ಲ, ಬೇಡ, ನಾನೇ ಹೇಳ್ತೀನಿ."

ಯಾಕೆ ಇಟ್ಟುಕೊಂಡರು, ಯಾರು ಏನು ಅಂದರು ಅಂತ ನಾನು ಕೇಳಲಿಲ್ಲ. ಸಿಕ್ಕಿದ್ದನ್ನು ತಿರುಗಿಸಿ ತಿರುಗಿಸಿ ನೋಡಬಾರದು. ದೇವರಿಗೆ ಸ್ತೋತ್ರ ಅಂದೆ. ಟವೆಲನ್ನು ಶುಕ್ರವಾರದೊಳಗೆ ಕಳಿಸಲು ಆಗುತ್ತದೆಯೇ, ಮುಂದಿನ ರೇಸಿಗೆ ಬೇಕು ಅಂದಳು. ಆಗುತ್ತದೆ ಅಂದೆ.

ಕಟ್ಟಡದವರೆಲ್ಲ ಸರದಿಯ ಮೇಲೆ ಬಳಸುವ ನೆಲಮಾಳಿಗೆಯ ಒಗೆಯುವ ಕೋಣೆ ಅವತ್ತು ಎರಡು ಗಂಟೆಗೆ ನನ್ನ ಹೆಸರಿಗೆ ಇತ್ತು. ಅರ್ಧ ಗಂಟೆ ತಡವಾದರೆ ಬೇರೆಯವರು ಬಂದು ಮೆಷಿನ್ ಹಿಡಿದುಬಿಡುತ್ತಾರೆ, ಇಲ್ಲಿಯ ನಿಯಮ. ನಮ್ಮ ಮನೆಯ ಬಟ್ಟೆ ಬುಟ್ಟಿಯಲ್ಲೇ ಇರಲಿ ಅಂತ ಬಿಟ್ಟು, ಕಪ್ಪು ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಎರಡು ಮೆಷಿನ್ನಿಗೂ ಟವೆಲ್ ತುಂಬಿ, ಸೋಪಿನ ಪುಡಿ ಎಂದಿಗಿಂತ ಒಂದು ಅಳತೆ ಜಾಸ್ತಿ ಹಾಕಿ, ಅರವತ್ತು ಡಿಗ್ರಿಗೆ ತಿರುಗಿಸಿದೆ.